‘ನಿಂಗೇನು, ರಜೆ ಇದೆಯಲ್ಲ!’

ಪ್ರಶ್ನೆ: ಅಕ್ಕಾ, ನಾನು ಗಂಗಾವತಿಯವಳು, ಶಾಲಾ ಶಿಕ್ಷಕಿ. ದಸರಾ ರಜೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತದೆ, ನಿದ್ದೆ ಬರುವುದಿಲ್ಲ. ಮನೆಯ ಕೌದಿಯೆಲ್ಲ ಒಗೆಯಬೇಕು. ಇಬ್ಬರು ನಾದಿನಿಯರು ಮಕ್ಕಳ ಜೊತೆ ಬಂದರೆ ರಜೆ ಮುಗಿಸಿಯೇ ಹೋಗುವುದು, ದೀಪಾವಳಿಗೆ ಮತ್ತೆ ಬರುತ್ತಾರೆ. ಭತ್ತ ಇನ್ನೂ ಗದ್ದೆಯಲ್ಲಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ಹೋದ ವರ್ಷ ಕರ್ಚಿಕಾಯಿ ಹೂರಣ ಚೆಲ್ಲಿದಳು ಅಂತ ಮಗಳಿಗೆ ಹೊಡೆದುಬಿಟ್ಟೆ. ಅತ್ತೆ ಕೆಟ್ಟವರಲ್ಲ. ಹಬ್ಬವೇ ಬೇಡ ಅನ್ನಿಸುವುದು ತಪ್ಪಾ?

ಉತ್ತರ: ತಪ್ಪೇನಿಲ್ಲ ತಂಗಿ. ದಸರಾ ಆಗಿ ಐದು ದಿನಕ್ಕೆ ಸೀಗೆ ಹುಣ್ಣಿಮೆ, ಹೊಲಕ್ಕೆ ಬುತ್ತಿ ಕಟ್ಟಬೇಕು, ಅದಾಗಿ 15 ದಿನಕ್ಕೆ ದೀಪಾವಳಿ, ಇದರ ನಡುವೆ ಎಣ್ಣೆ ಎಷ್ಟು ತರಬೇಕು, ಯಾರಿಗೆ ಯಾವ ಸೀರೆ, ಯಾವ ಮಗುವಿಗೆ ಖಾರ ಆಗೋದಿಲ್ಲ ಅನ್ನೋದೆಲ್ಲ ನಿನ್ನ ಒಬ್ಬಳ ತಲೆಯಲ್ಲೇ ಇರುತ್ತದೆ. ಕೈಕೆಲಸಕ್ಕಿಂತ ಇದೇ ಜಾಸ್ತಿ ಸುಸ್ತು ಮಾಡುವುದು. ನಮ್ಮವ್ವ ಎಲ್ಲರಿಗೂ ಹೋಳಿಗೆ ಬಡಿಸಿ, ಸಂಜೆ ನಾಲ್ಕಕ್ಕೆ ತಾನು ತಣ್ಣನೆ ಅನ್ನ ಸಾರು ಉಣ್ಣುತ್ತಿದ್ದಳು. ಆಗ ನಮಗದು ಕಾಣಲೇ ಇಲ್ಲ.

ಗಂಡನ ಹತ್ತಿರ ಈ ವಾರವೇ ಮಾತಾಡು, ಮಹಾಲಯ ಅಮಾವಾಸ್ಯೆಗಿಂತ ಮುಂಚೆ. ಹಬ್ಬದ ದಿನ ಒಲೆ ಮುಂದೆ ನಿಂತು ಹೇಳಿದರೆ ಜಗಳವೇ ಆಗುವುದು. ನೆನೆದ ಕೌದಿ ಎಷ್ಟು ಭಾರ ಅಂತ ಅವರಿಗೂ ಗೊತ್ತಾಗಲಿ, ಆ ಕೆಲಸ ಅವರದ್ದು. ಚಕ್ಕುಲಿ, ಕರ್ಚಿಕಾಯಿ ಮಾಡಿಕೊಡುವ ಹೆಣ್ಣುಮಕ್ಕಳು ಊರಲ್ಲಿ ಸಿಗುತ್ತಾರೆ, ಅರ್ಧದಷ್ಟಾದರೂ ಅವರಿಗೆ ಹೇಳಿಬಿಡು. ಅತ್ತೆ ಒಂದು ದಿನ ಗೊಣಗಬಹುದು, ಗೊಣಗಲಿ ಬಿಡು. ಸೀರೆಗಾಗಿ ಮಾತ್ರ ಬಡ್ಡಿ ಸಾಲ ಬೇಡ. ನಾದಿನಿಯರೂ ಒಕ್ಕಲುತನದ ಮನೆಯಲ್ಲೇ ಹುಟ್ಟಿದವರು, ಭತ್ತ ಮಾರಿದ ಮೇಲೆ ಕೊಡಿಸುತ್ತೇವೆ ಅಂದರೆ ಅರ್ಥ ಆಗುತ್ತದೆ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಗಂಡನ ಮನೆಯಲ್ಲಿ ಅವರೂ ಇದೇ ಚಾಕರಿ ಮಾಡಿ, ನಾಲ್ಕು ದಿನ ಕಾಲು ಚಾಚೋಣ ಅಂತ ತವರಿಗೆ ಬರುತ್ತಾರೆ. ಆದರೆ ನಿನಗೂ ಒಂದು ತವರಿದೆ ಅಲ್ವಾ? ಈ ಸಲ ಪಾಡ್ಯಕ್ಕೆ ಎರಡು ದಿನ ಹೋಗಿ ಬಾ. ಅದನ್ನು ತಂಗಿಯರಿಗೆ ಅಣ್ಣನೇ ಫೋನ್ ಮಾಡಿ ಹೇಳಲಿ. ನೀನು ಹೇಳಿದರೆ, ಸೊಸೆ ಬಂದು ನಮ್ಮ ತವರು ಬಿಡಿಸಿದಳು ಅನ್ನುತ್ತಾರೆ, ಈ ಮಾತಿಗೆ ಕೊನೆಯೇ ಇರುವುದಿಲ್ಲ.

ಹಬ್ಬ ಮುಗಿದು ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಎದೆ ಡವಡವ ಜಾಸ್ತಿಯಾದರೆ ಮಾತ್ರ ಸುಮ್ನೆ ಕಾಯಬೇಡ, ಡಾಕ್ಟರಿಗೆ ತೋರಿಸು.

ಇನ್ನು ಮಗಳು. ಒಂದು ವರ್ಷ ಆಯಿತು, ಮರೆತಿರುತ್ತಾಳೆ ಅಂದುಕೊಳ್ಳಬೇಡ. ಅವತ್ತು ನಂದೇ ತಪ್ಪು ಕಣವ್ವಾ ಅಂತ ಬಾಯಿಬಿಟ್ಟು ಹೇಳು. ಈ ಸಲ ಕರ್ಚಿಕಾಯಿ ಅಂಚು ಒತ್ತಲಿಕ್ಕೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೋ. ನಾಲ್ಕು ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತವೆ, ಆ ನಾಲ್ಕನ್ನು ನೀವಿಬ್ಬರೇ ತಿನ್ನಿ.