ಕಾನೂನು ಕಟ್ಟೆ: ವಾಪಸ್ ಬಂದ ಚೆಕ್, ಒಣದ್ರಾಕ್ಷಿ, ಖಡಕ್ ರೊಟ್ಟಿ

ಪ್ರಶ್ನೆ: ವಕೀಲ ಸಾಹೇಬರೇ, ನಾನು ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ. ಮಹಾರಾಷ್ಟ್ರದ ತಾಸಗಾಂವ್ ಕಡೆಯ ವ್ಯಾಪಾರಿಯೊಬ್ಬರಿಗೆ ಒಣದ್ರಾಕ್ಷಿ ಕೊಟ್ಟೆ. ಅವರು ಕೊಟ್ಟ 3,60,000 ರೂಪಾಯಿ ಚೆಕ್ಕನ್ನು ವಿಜಯಪುರದ ನನ್ನ ಖಾತೆಗೆ ಹಾಕಿದರೆ, ಹಣವಿಲ್ಲ ಅಂತ ವಾಪಸ್ ಬಂತು. 'ಸ್ವಲ್ಪ ತಡೀರಿ' ಅಂದರು, ಸುಮ್ಮನಿದ್ದೆ. ಈಗ ಒಂದೂವರೆ ತಿಂಗಳಾಯಿತು. ಕೇಸು ಹಾಕಲು ತಾಸಗಾಂವಿಗೇ ಹೋಗಬೇಕಾ? ಒಣದ್ರಾಕ್ಷಿ ಮಾರಿದ್ದಕ್ಕೆ ನಾನು ಜಿಎಸ್‌ಟಿ ನೋಂದಣಿ ಬೇರೆ ಮಾಡಿಸಬೇಕಂತೆ, ಹೌದಾ?

ಉತ್ತರ: ಮೊದಲು ಚೆಕ್ಕಿನ ಮೇಲಿನ ತಾರೀಕು ನೋಡಿ. ಆ ತಾರೀಕಿನಿಂದ ಮೂರು ತಿಂಗಳು ದಾಟಿಲ್ಲ ಅಂದ್ರೆ ಇವತ್ತೇ ಮತ್ತೆ ಬ್ಯಾಂಕಿಗೆ ಹಾಕಿ. ಚೆಕ್ ಬೌನ್ಸ್ ಕೇಸು ಹಾಕಬೇಕಾದರೆ, ಚೆಕ್ ವಾಪಸ್ ಬಂದದ್ದು ಗೊತ್ತಾದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಹಣ ಕೊಡಿ ಅಂತ ನೋಟಿಸ್ ಕೊಡಬೇಕು ಅನ್ನುವುದು ನಿಯಮ. ನಿಮ್ಮ ಆ 30 ದಿನ ಮುಗಿದಿದೆ, ನಿಜ. ಆದರೆ ಎರಡನೇ ಸಲ ಹಾಕಿ ಮತ್ತೆ ಬೌನ್ಸ್ ಆದರೆ ಹೊಸದಾಗಿ 30 ದಿನ ಸಿಗುತ್ತದೆ. ಇದನ್ನು ಸುಪ್ರೀಂ ಕೋರ್ಟು 2012ರಲ್ಲೇ ಒಪ್ಪಿದೆ. 'ತಡೀರಿ' ಅನ್ನುವ ಒಂದು ಮಾತಿಗೆ ನಮ್ಮ ರೈತರು ಎಷ್ಟು ದುಡ್ಡು ಕಳೆದುಕೊಳ್ಳುತ್ತಾರೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ತಡೆಯುವುದಿದ್ದರೂ ನೋಟಿಸ್ ಕೊಟ್ಟು ತಡೆಯಿರಿ.

ಚೆಕ್ ಜೊತೆ ಬ್ಯಾಂಕಿನವರು ಒಂದು ಸಣ್ಣ ಚೀಟಿ ಕೊಡುತ್ತಾರೆ, ರಿಟರ್ನ್ ಮೆಮೊ. ಚೆಕ್ಕನ್ನು ಪಾಸ್‌ಬುಕ್ಕಿನಲ್ಲಿ ಜೋಪಾನವಾಗಿ ಇಟ್ಟು, ಈ ಚೀಟಿಯನ್ನು ಕಳೆದುಕೊಂಡು ಬರುವವರೇ ಜಾಸ್ತಿ. ಚೆಕ್ ಬೌನ್ಸ್ ಆಗಿದೆ ಅನ್ನುವುದಕ್ಕೆ ಕೋರ್ಟು ನೋಡುವುದು ಆ ಚೀಟಿಯನ್ನೇ. ಎರಡೂ ಸಲದ ಮೆಮೊ ಇಟ್ಟುಕೊಳ್ಳಿ.

ನೋಟಿಸ್‌ನಲ್ಲಿ ಬರೆಯುವ ಮೊತ್ತದ ಬಗ್ಗೆ ತುಂಬಾ ಹುಷಾರಾಗಿರಿ. 2025ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು: ಚೆಕ್ಕಿನಲ್ಲಿ ಇರುವ ಮೊತ್ತವೇ ನೋಟಿಸ್‌ನಲ್ಲೂ ಇರಬೇಕು. ಟೈಪ್ ಮಾಡುವಾಗ ತಪ್ಪಾಯಿತು ಅಂದರೂ ನಡೆಯುವುದಿಲ್ಲ, ನೋಟಿಸೇ ಬಿದ್ದುಹೋಗುತ್ತದೆ. ನಿಮ್ಮ ನೋಟಿಸ್‌ನಲ್ಲಿ 'ಚೆಕ್ಕಿನ ಮೊತ್ತ 3,60,000 ರೂಪಾಯಿ' ಅಂತ ಬಿಡಿಯಾಗಿ ಇರಲಿ. ಬಡ್ಡಿ, ವಕೀಲರ ಫೀ ಕೇಳುವುದಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆಸಿ. ಎಲ್ಲ ಕೂಡಿಸಿ ಒಂದೇ ಅಂಕಿ ಹಾಕಿಸಬೇಡಿ. ಸಹಿ ಹಾಕುವ ಮುಂಚೆ ಚೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ನೀವೇ ಒಮ್ಮೆ ಓದಿ, ವಕೀಲರು ಓದಿದ್ದಾರೆ ಅಂತ ಬಿಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ.

ನೋಟಿಸ್ ಮುಟ್ಟಿದ 15 ದಿನದಲ್ಲಿ ಅವರು ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ಅದಕ್ಕೆ ತಾಸಗಾಂವಿಗೆ ಹೋಗಬೇಕಾಗಿಲ್ಲ. 2015ರ ತಿದ್ದುಪಡಿ ಪ್ರಕಾರ ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ಕೋರ್ಟಿಗೇ ಅಧಿಕಾರ. ಅವರೇ ವಿಜಯಪುರಕ್ಕೆ ಬರಬೇಕು.

ಚೆಕ್ಕಿನ ತಾರೀಕಿನಿಂದ ಮೂರು ತಿಂಗಳು ಆಗಲೇ ದಾಟಿದ್ದರೆ? ಆಗ ಹಣ ವಸೂಲಿಗೆ ಸಿವಿಲ್ ದಾವೆ ಹಾಕಬಹುದು, ಅದಕ್ಕೆ ಮೂರು ವರ್ಷ ಕಾಲಾವಕಾಶ ಇದೆ. ಮಾಲು ಕೊಟ್ಟ ಪಟ್ಟಿ, ಲಾರಿ ಬಾಡಿಗೆ ಚೀಟಿ, 'ಕೊಡ್ತೀನಿ' ಅಂತ ಬಂದ ವಾಟ್ಸಾಪ್ ಮೆಸೇಜು, ಎಲ್ಲ ಇರಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮೊಬೈಲ್ ದಾಖಲೆಯ ಪ್ರಿಂಟ್ ಜೊತೆ ಸರ್ಟಿಫಿಕೇಟ್ ಕೊಡಬೇಕು. ಹಾಗಾಗಿ ಫೋನ್ ಬದಲಿಸುವ ಮುಂಚೆ ನನ್ನಂಥ ಯಾರಾದರೂ ವಕೀಲರಿಗೆ ತೋರಿಸಿ.

ಇನ್ನು ಜಿಎಸ್‌ಟಿ. ನಿಮ್ಮದೇ ತೋಟದ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಣಗಿಸಿ ನೀವೇ ಮಾರಿದರೆ ನಿಮಗೆ ಜಿಎಸ್‌ಟಿ ಇಲ್ಲ. ಒಣಗಿಸಿದ ಮೇಲೆ ಅದು ಬೆಳೆಯೋ, ತಯಾರಿಸಿದ ಮಾಲೋ ಅನ್ನುವ ಗೊಂದಲ ಇತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ, ರೈತರು ಮಾರುವ ಒಣದ್ರಾಕ್ಷಿಗೆ ತೆರಿಗೆ ಇಲ್ಲ ಅಂತ ಸ್ಪಷ್ಟ ಮಾಡಿತು. ಆದರೆ ಪಕ್ಕದ ತೋಟದವರ ದ್ರಾಕ್ಷಿ ಕೊಂಡು ಒಣಗಿಸಿ ಮಾರಿದರೆ, ಅಷ್ಟರ ಮಟ್ಟಿಗೆ ನೀವು ವ್ಯಾಪಾರಿ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ದ್ರಾಕ್ಷಿ ಬೆಳೆ ನಮೂದಾಗಿದೆಯೇ ನೋಡಿಕೊಳ್ಳಿ, ಯಾರಾದರೂ ಕೇಳಿದಾಗ ತೋರಿಸಲು ಅದೇ ಬೇಕಾಗುತ್ತದೆ.

ಪ್ರಶ್ನೆ: ಬೈಲಹೊಂಗಲದಲ್ಲಿ ಮನೆ ಕೊಳ್ಳುತ್ತಿದ್ದೇವೆ. ಕರಾರು ಆದಾಗ ನೋಂದಣಿ ಶುಲ್ಕ ಶೇ 1 ಇತ್ತು. ಈಗ ಶೇ 2 ಅನ್ನುತ್ತಾರೆ.

ಉತ್ತರ: ಸರಿಯಾಗಿಯೇ ಹೇಳಿದ್ದಾರೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ಅದು ಶೇ 2 ಆಗಿದೆ. ನೋಂದಣಿ ಕಚೇರಿಗೆ ಕ್ರಯಪತ್ರ ಹಾಜರುಪಡಿಸುವ ದಿನದ ಶುಲ್ಕವನ್ನೇ ಕಟ್ಟಬೇಕು.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. 2025ರ ಜುಲೈನಲ್ಲಿ ಯುಪಿಐ ನೋಡಿ ಸಣ್ಣ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂದಾಗ ಹೆದರಿ ಕ್ಯೂಆರ್ ಕೋಡ್ ತೆಗೆದೆ. ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ.

ಉತ್ತರ: ಅಕ್ಕಾವ್ರೇ, ಕೋಡನ್ನು ಮತ್ತೆ ಅಂಟಿಸಿ. ತೆರಿಗೆ ಬೀಳುವುದು ಮಾರಾಟಕ್ಕೆ. ಹಣ ಕೈಯಲ್ಲಿ ಬಂತೋ ಫೋನಿನಲ್ಲಿ ಬಂತೋ, ಲೆಕ್ಕ ಒಂದೇ. ನೀವು ಬರೀ ಸಾಮಾನು ಮಾರುವವರು. ವರ್ಷದ ಒಟ್ಟು ವ್ಯಾಪಾರ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಡ. ಊಟ ಬಡಿಸುವ ಖಾನಾವಳಿಯೂ ಇದ್ದರೆ ಮಾತ್ರ ಮಿತಿ 20 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೆ ತೆರಿಗೆ ಸೊನ್ನೆ. ಆದರೆ ಚಟ್ನಿಗೆ ತೆರಿಗೆ ಇದೆ, ಮಿತಿ ಲೆಕ್ಕ ಹಾಕುವಾಗ ರೊಟ್ಟಿ ಮಾರಾಟವನ್ನೂ ಸೇರಿಸಬೇಕು. ತಮ್ಮ ಕಳಿಸಿದ ಹಣ, ಸಂಘದ ಸಾಲ ಇಂಥವು ಅದೇ ಖಾತೆಗೆ ಬಂದರೆ ಅವತ್ತೇ ವಹಿಯಲ್ಲಿ ಬರೆದಿಡಿ, ಅದು ವ್ಯಾಪಾರವಲ್ಲ.

ಒಂದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮಂಥವರು ಎಡವುವುದು ಇಲ್ಲೇ. ಪುಣೆ, ಸೊಲ್ಲಾಪುರದ ಗಿರಾಕಿಗಳಿಗೆ ಕೊರಿಯರ್ ಮಾಡುತ್ತೀರಾ? ತೆರಿಗೆ ಇರುವ ಸಾಮಾನು ರಾಜ್ಯದ ಗಡಿ ದಾಟಿದರೆ ವ್ಯಾಪಾರ ಎಷ್ಟೇ ಕಡಿಮೆ ಇದ್ದರೂ ನೋಂದಣಿ ಕಡ್ಡಾಯ. ರೊಟ್ಟಿ ಧಾರಾಳವಾಗಿ ಕಳಿಸಿ. ಚಟ್ನಿ ಡಬ್ಬಿ ಕಳಿಸುವುದಿದ್ದರೆ ಮೊದಲು ನೋಂದಣಿ ಮಾಡಿಸಿ.