ಆಷಾಢದ ಆಫರ್‌ನಲ್ಲೇ 43 ಇಂಚಿನ ಟಿವಿ ತಗೋಬೇಕಾ, ದೀಪಾವಳಿವರೆಗೆ ಕಾಯಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ತುಮಕೂರು, 43 ಇಂಚು, ಮೂವತ್ತು ಸಾವಿರದೊಳಗೆ, ಬಿ.ಎಚ್. ರಸ್ತೆಯ ಅಂಗಡೀಲಿ ಆಷಾಢದ ಆಫರ್ ಬೋರ್ಡು ಹಾಕಿದ್ದಾರೆ, ಈಗಲೇ ತಗೋಬೇಕಾ ಅಥವಾ ದೀಪಾವಳಿವರೆಗೆ ಕಾಯಬೇಕಾ?

ಕಾಯಿರಿ, ಆದರೆ ದೀಪಾವಳಿವರೆಗೆ ಬೇಡ. ಈ ಸೈಜು, ಈ ಬಜೆಟ್ಟಿಗೆ ವರ್ಷದ ಕಡಿಮೆ ರೇಟು ಸಾಮಾನ್ಯವಾಗಿ ಸಿಗೋದು ದಸರಾ ಮುಂಚಿನ ಆನ್‌ಲೈನ್ ಸೇಲ್‌ನ ಮೊದಲ ಎರಡು ಮೂರು ದಿನ. ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ 2024ರಲ್ಲಿ ಸೆಪ್ಟೆಂಬರ್ 27ಕ್ಕೆ, 2025ರಲ್ಲಿ ಸೆಪ್ಟೆಂಬರ್ 23ಕ್ಕೆ ಸೇಲ್ ಶುರು ಮಾಡಿದ್ದವು. ದೀಪಾವಳಿ ಹೊತ್ತಿಗೂ ಆಫರ್ ಇರುತ್ತೆ, ಆದರೆ ಚೆನ್ನಾಗಿರೋ ಮಾಡೆಲ್ ಅಷ್ಟರಲ್ಲಿ ಖಾಲಿಯಾಗಿರುತ್ತೆ ಇಲ್ಲವೇ ಬ್ಯಾಂಕ್ ಕಾರ್ಡಿನ ರಿಯಾಯಿತಿ ಮುಗಿದಿರುತ್ತೆ.

ಹಾಗಂತ ಆಷಾಢ ದಂಡ ಅಲ್ಲ. ಶುಭಕಾರ್ಯ ಇಲ್ಲದ ತಿಂಗಳು, ಅಂಗಡಿ ಖಾಲಿ ಹೊಡೀತಿರುತ್ತೆ, ಚೌಕಾಸಿಗೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಪಿತೃಪಕ್ಷದ ಹದಿನೈದು ದಿನವೂ ಹಾಗೇ. ಬೋರ್ಡಿನ ರೇಟು ನೋಡಬೇಡಿ, ತಿಂಗಳ ಕೊನೇ ನಾಲ್ಕೈದು ದಿನದಲ್ಲಿ ಹೋಗಿ ಕೇಳಿ. ಡೀಲರ್‌ಗೆ ಕಂಪನಿಯ ಟಾರ್ಗೆಟ್ ಮುಟ್ಟಿಸೋ ಒತ್ತಡ ಆಗಲೇ ಇರೋದು. ಕಳೆದ ದಸರಾ ಸೇಲ್‌ನ ರೇಟಿಗಿಂತ ಒಂದು ಸಾವಿರ ಜಾಸ್ತಿ ಅಷ್ಟರೊಳಗೆ ಕೊಟ್ಟರೆ, ಸ್ಟ್ಯಾಂಡು, ಫಿಟ್ಟಿಂಗು ಸೇರಿಸಿಕೊಟ್ಟರೆ, ಈಗಲೇ ತಗೊಳ್ಳಿ. ಯಾಕಂದ್ರೆ ಈಗ ‘ಕಾದಷ್ಟೂ ಅಗ್ಗ’ ಅಂತ ಕಣ್ಣುಮುಚ್ಚಿ ಹೇಳೋ ಹಾಗಿಲ್ಲ. ಟಿವಿಯ ಪ್ಯಾನೆಲ್, ಅಂದರೆ ಪರದೆ, ಬರೋದು ಹೊರದೇಶದಿಂದ, ಡಾಲರ್ ಏರಿದರೆ ಅದೂ ಏರುತ್ತೆ. 2025ರ ಕೊನೆಯಿಂದ ಟಿವಿಯೊಳಗಿನ ಮೆಮೊರಿ ಚಿಪ್ಪಿನ ಬೆಲೆಯೂ ಏರಿದೆ.

ಕಳೆದ ದಸರಾ ರೇಟು ಗೊತ್ತಾಗೋದು ಹೇಗೆ? ಅಮೆಜಾನ್ ಲಿಂಕನ್ನು ಕೀಪಾ, ಬೈಹಟ್ಕೆ ಅನ್ನೋ ಹಳೇ ಬೆಲೆ ತೋರಿಸೋ ವೆಬ್‌ಸೈಟಿನಲ್ಲಿ ಹಾಕಿದರೆ ಆ ಮಾಡೆಲ್ಲಿನ ಬೆಲೆ ಏರಿಳಿದ ಗ್ರಾಫ್ ಬರುತ್ತೆ. ಎಂಆರ್‌ಪಿ ಹೊಡೆದುಹಾಕಿ ‘ಶೇ. 50 ರಿಯಾಯಿತಿ’ ಅಂತ ಬರೆದಿರೋದನ್ನ ಮರೆತುಬಿಡಿ, ಆ ಎಂಆರ್‌ಪಿಗೆ ಯಾರೂ ಮಾರಲ್ಲ. ಗ್ರಾಫಿನಲ್ಲಿ ಒಂದು ಕಡೆ ಮಾತ್ರ ಹುಷಾರು: 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದಿದ್ದು ಶೇ. 18 ಆಯಿತು. ತೆರಿಗೆ ಬಿಟ್ಟು 25,000 ಇರೋ ಟಿವಿ ಆಗ 32,000, ಈಗ 29,500. ಅಂದರೆ ಬಿಲ್ಲಿನಲ್ಲಿ ಇಳಿದದ್ದು ಸುಮಾರು ಶೇ. 7.8, ಹತ್ತಲ್ಲ. ಆ ತಾರೀಖಿಗೂ ಹಿಂದಿನ ರೇಟಿನಿಂದ ಇಷ್ಟು ಕಳೆದೇ ಹೋಲಿಸಿ. 32 ಇಂಚು ಮತ್ತು ಅದಕ್ಕಿಂತ ಚಿಕ್ಕವಕ್ಕೆ 2019ರ ಜನವರಿಯಿಂದಲೇ ಶೇ. 18 ಇತ್ತು, ಅವುಗಳ ಮೇಲೂ ‘ಜಿಎಸ್‌ಟಿ ಇಳಿಕೆ’ ಅಂತ ಚೀಟಿ ಅಂಟಿಸಿದ್ದರೆ ನಕ್ಕು ಮುಂದೆ ಹೋಗಿ.

55 ಇಂಚು ಮೇಲ್ಪಟ್ಟು, ದೊಡ್ಡ ಬ್ರ್ಯಾಂಡು ನೋಡೋರಿಗೆ ಲೆಕ್ಕ ಬೇರೆ. ಹೊಸ ವರ್ಷದ ಮಾಡೆಲ್‌ಗಳು ನಮ್ಮಲ್ಲಿ ಹೆಚ್ಚಾಗಿ ಮಾರ್ಚಿಂದ ಜೂನ್ ಒಳಗೆ ಬರುತ್ತವೆ, ಆಗ ಹಿಂದಿನ ವರ್ಷದ್ದನ್ನು ಖಾಲಿ ಮಾಡ್ತಾರೆ. ಐಪಿಎಲ್ ಆಫರ್ ಅಂತ ಕಾಣೋದರಲ್ಲಿ ಬಹಳಷ್ಟು ಇದೇ ಸರಕು. ತಗೊಳ್ಳೋದರಲ್ಲಿ ತಪ್ಪಿಲ್ಲ, ಹಳೇದು ಅಂತ ಗೊತ್ತಿದ್ದು ಹಳೇ ರೇಟು ಕೊಡಬೇಕು ಅಷ್ಟೇ. ಎಲ್‌ಜಿ ಮಾಮೂಲಿ 4ಕೆ ಮಾಡೆಲ್‌ನಲ್ಲಿ ಸೈಜಿನ ಅಂಕಿ ಆದಮೇಲೆ ಯುಆರ್ ಇದ್ದರೆ 2023ರದ್ದು, ಯುಟಿ 2024, ಯುಎ 2025. ಸ್ಯಾಮ್‌ಸಂಗ್‌ನ ಮಾಮೂಲಿ 4ಕೆಯಲ್ಲಿ ಅದೇ ಜಾಗದಲ್ಲಿ ಸಿ ಇದ್ದರೆ 2023, ಡಿ ಇದ್ದರೆ 2024. ಯಾವ ಬ್ರ್ಯಾಂಡೇ ಆಗಲಿ, ರಟ್ಟಿನ ಡಬ್ಬದ ಪಕ್ಕದ ಬಿಳಿ ಸ್ಟಿಕರ್ ಓದಿ: ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ಸೀರಿಯಲ್ ನಂಬರ್ ಎಲ್ಲ ಅಲ್ಲೇ ಇರುತ್ತೆ. ಆ ಸೀರಿಯಲ್ ನಂಬರೇ ಬಿಲ್ಲಿನಲ್ಲಿ ಬರಬೇಕು, ಇಲ್ಲದಿದ್ದರೆ ವಾರಂಟಿ ಕೇಳೋವಾಗ ಎಳೆದಾಡಿಸ್ತಾರೆ.

ಸೇಲ್‌ನಲ್ಲಿ ಜನ ಏಮಾರೋದು ಹೆಚ್ಚಾಗಿ ಮಾಡೆಲ್ಲಿನಲ್ಲಿ. ಹೆಸರು ಒಂದೇ ಥರ, ಕೊನೇ ಅಕ್ಷರ ಬೇರೆ. ಒಳಗೆ 2 ಜಿಬಿ ರ‍್ಯಾಮ್ ಬದಲು 1 ಜಿಬಿ, ಮೂರು ಎಚ್‌ಡಿಎಂಐ (ಸೆಟ್‌ಟಾಪ್ ಬಾಕ್ಸ್ ಚುಚ್ಚೋ ಕಿಂಡಿ) ಬದಲು ಎರಡು. 1 ಜಿಬಿ ಇರೋದು ಆ್ಯಪ್‌ಗಳು ಅಪ್‌ಡೇಟ್ ಆಗ್ತಾ ಆಗ್ತಾ ರಿಮೋಟ್ ಒತ್ತಿದರೂ ಎಚ್ಚರವಾಗದ ಹಾಗೆ ನಿಧಾನ ಆಗುತ್ತೆ. 43ರಲ್ಲಿ 4ಕೆ, 2 ಜಿಬಿ ರ‍್ಯಾಮ್, ಮೂರು ಎಚ್‌ಡಿಎಂಐ, ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್) ವೈಫೈ, ಇವಿಷ್ಟಕ್ಕೆ ಕಡಿಮೆ ಯಾವುದನ್ನೂ ಎಷ್ಟು ಅಗ್ಗವಾದರೂ ತಗೋಬೇಡಿ.

ಇನ್ನು ‘ನೋ ಕಾಸ್ಟ್ ಇಎಂಐ’. ಪೂರ್ತಿ ಪುಕ್ಕಟೆ ಅಲ್ಲ. ಬಡ್ಡಿಯಷ್ಟನ್ನ ಬೆಲೆಯಲ್ಲಿ ಮೊದಲೇ ಕಳೀತಾರೆ, ಆದರೆ ಆ ಬಡ್ಡಿ ಮೇಲಿನ ಶೇ. 18 ಜಿಎಸ್‌ಟಿ ನೀವೇ ಕಟ್ಟಬೇಕು. 26,400ರ ಟಿವಿಗೆ ಆರು ಕಂತು, ವರ್ಷಕ್ಕೆ ಶೇ. 16ರ ಬಡ್ಡಿ ಅಂದುಕೊಂಡರೆ ಬಡ್ಡಿ ಹತ್ತಿರತ್ತಿರ 1,200, ಅದರ ಜಿಎಸ್‌ಟಿ 215. ಪ್ರೊಸೆಸಿಂಗ್ ಫೀ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 450 ರೂಪಾಯಿ ಮೇಲೆ ಬಿತ್ತು. ದೊಡ್ಡ ಮೊತ್ತ ಅಲ್ಲ, ಆದರೆ ಅಂಗಡಿಗೂ ಆನ್‌ಲೈನ್‌ಗೂ ಐನೂರರ ವ್ಯತ್ಯಾಸಕ್ಕೆ ಒದ್ದಾಡೋವಾಗ ಲೆಕ್ಕಕ್ಕೆ ಬರುತ್ತೆ. ಕಾರ್ಡಿನ ‘ಶೇ. 10 ರಿಯಾಯಿತಿ’ಗೂ ಗರಿಷ್ಠ ಮಿತಿ ಇರುತ್ತೆ, ಕೆಳಗಿನ ಸಣ್ಣ ಅಕ್ಷರ ಓದಿ.

ಅಂಗಡೀಲಿ ಸ್ಟೆಬಿಲೈಸರ್ ತಗಲಿಸೋಕೆ ನೋಡ್ತಾರೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ. ಟಿವಿ ಹಿಂದಿನ ಚೀಟಿಯಲ್ಲಿ 100–240 ವೋಲ್ಟ್ ಅಂತಿದ್ದರೆ ಟೌನಿನೊಳಗೆ ಅದರ ಅಗತ್ಯ ಕಾಣೆ. ಡಿಸ್‌ಪ್ಲೇ ಪೀಸ್ ಕೊಡ್ತೀವಿ ಅಂದರೆ ನನ್ನ ಸಲಹೆ ಬೇಡ ಅಂತಲೇ: ದಿನವಿಡೀ ಪೂರ್ತಿ ಬೆಳಕಿನಲ್ಲಿ ಉರಿದು ಅದರ ಬ್ಯಾಕ್‌ಲೈಟ್ ಆಗಲೇ ಸವೆದಿರುತ್ತೆ. ಬೆಂಗಳೂರಿಗೆ ಹೋಗಿ ತರೋ ಆಲೋಚನೆಯಿದ್ದರೆ, 70 ಕಿಲೋಮೀಟರ್ ಕಾರಿನಲ್ಲಿ ಡಬ್ಬ ನಿಲ್ಲಿಸಿಕೊಂಡೇ ಬರೋಕೆ ಆಗುತ್ತಾ ನೋಡಿ. ಮಲಗಿಸಿ ತಂದು ಹಳ್ಳಕ್ಕೆ ಬಿದ್ದರೆ ಪ್ಯಾನೆಲ್ ಒಡೆಯುತ್ತೆ, ಒಡೆದದ್ದಕ್ಕೆ ವಾರಂಟಿ ಇಲ್ಲ.

ಆನ್‌ಲೈನ್‌ನಲ್ಲಿ ತರಿಸಿದರೆ ಓಪನ್ ಬಾಕ್ಸ್ ಡೆಲಿವರಿ ಇದೆಯಾ ನೋಡಿ, ಪರದೆ ನೋಡಿದ ಮೇಲೇ ಒಟಿಪಿ ಹೇಳಿ. ಅದಿಲ್ಲದಿದ್ದರೆ ಕಂಪನಿಯ ಹುಡುಗ ಬರೋವರೆಗೆ ಡಬ್ಬ ಬಿಚ್ಚಬೇಡಿ. ಅವನು ಬಿಚ್ಚೋವಾಗ ಟೇಪ್ ಕತ್ತರಿಸೋದರಿಂದ ಪರದೆ ಹತ್ತೋವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಯೂಟ್ಯೂಬಿನಲ್ಲಿ ಪೂರ್ತಿ ಬಿಳಿ, ಬೂದು, ಕಪ್ಪು ಪರದೆ ಹಾಕಿ ಗೆರೆ, ಚುಕ್ಕೆ ನೋಡಿ, ಎಚ್‌ಡಿಎಂಐ ಮೂರಕ್ಕೂ ಸೆಟ್‌ಟಾಪ್ ಬಾಕ್ಸ್ ಚುಚ್ಚಿ ನೋಡಿ. ಬದಲಿ ಕೊಡೋ ಗಡುವು ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಅದು ಮುಗಿಯೋವರೆಗೆ ಥರ್ಮೋಕೋಲ್ ಸಮೇತ ಡಬ್ಬ ಅಟ್ಟದ ಮೇಲಿರಲಿ.