ಗ್ರಹಣದ ಮಾತು ಬಿಡು ತಂಗಿ, ಗುಳಿಗೆ ಎಲ್ಲಿವೆ?

ಕುಷ್ಟಗಿ ಕಡೆಯಿಂದ ಒಂದು ಪತ್ರ ಬಂದಿದೆ. ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ವಿಷಯ ಇಷ್ಟು. ಚೊಚ್ಚಲ ಹೆರಿಗೆ, ಕೂಸಿಗೆ ಹಣೆಯ ಮೇಲೆ ತಲೆಬುರುಡೆ ಇಲ್ಲ, ಮೆದುಳು ಪೂರ್ತಿ ಬೆಳೆದಿಲ್ಲ. ಕೆಲವೇ ಗಂಟೆ ಬದುಕಿತ್ತು. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಈಕೆ ಐದು ತಿಂಗಳ ಬಸುರಿ, ಸೆಕೆ ತಡೀಲಾರದೆ ಮಾಳಿಗೆ ಮೇಲೆ ಹೋಗಿ ಕೂತಿದ್ದಳಂತೆ. ಅದಕ್ಕೇ ಹೀಗಾಯ್ತು ಅಂತ ಮನೆಯವರ ತೀರ್ಮಾನ. 'ನಿಜವಾಗ್ಲೂ ನನ್ನಿಂದಾನೇ ಆಯ್ತಾ ಅಕ್ಕಾ?' ಅಂತ ಎರಡು ಪುಟ ಬರೆದಿದ್ದಾಳೆ.

ಇಲ್ಲ ತಂಗಿ. ನೀನೇ ಲೆಕ್ಕ ಹಾಕು. ಮುಂದೆ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದೆ ಉಳಿದರೆ ಹೀಗಾಗುತ್ತದೆ. ಮುಟ್ಟು ತಪ್ಪಿದ್ದು ಗಮನಕ್ಕೆ ಬರುವ ಹೊತ್ತಿಗೆ ಆ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ಅದಾಗಿ ತಿಂಗಳುಗಟ್ಟಲೆ ಕಳೆದ ಮೇಲೆ ಬಂದ ಗ್ರಹಣ ಏನು ಮಾಡೀತು?

ತಾಯಿಯ ಮೇಲೆ ತಪ್ಪು ಹಾಕೋದು ನಿಮ್ಮ ಮನೇಲಿ ಶುರುವಾದದ್ದಲ್ಲ. ಫ್ರಾನ್ಸಿನ ದೊಡ್ಡ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ 1573ರಲ್ಲಿ ಅಂಗವಿಕಲ ಕೂಸುಗಳು ಯಾಕೆ ಹುಟ್ಟುತ್ತವೆ ಅಂತ ಒಂದು ಪಟ್ಟಿ ಮಾಡಿದ. ದೇವರ ಸಿಟ್ಟು ಅದರಲ್ಲಿದೆ, ತಾಯಿಯ ಕಲ್ಪನೆ ಇದೆ, ಬಸುರಿ ಕಾಲ ಮೇಲೆ ಕಾಲು ಹಾಕಿಕೊಂಡು ಜಾಸ್ತಿ ಹೊತ್ತು ಕೂತದ್ದೂ ಇದೆ! ನೀನು ಮಾಳಿಗೆ ಮೇಲೆ ಕೂತೆ, ಆಕೆ ಕಾಲು ಮಡಚಿ ಕೂತಳು, ಅಷ್ಟೇ ವ್ಯತ್ಯಾಸ. 1826ರಲ್ಲಿ ಅದೇ ದೇಶದ ಪ್ರಾಣಿವಿಜ್ಞಾನಿ ಜೊಫ್ರ್ವಾ ಸೇಂಟ್-ಹಿಲೇರ್ ಈಜಿಪ್ಟಿನಿಂದ ತಂದ ಒಂದು ಮಮ್ಮಿಯನ್ನು ಪರೀಕ್ಷೆ ಮಾಡಿ ನೋಡಿದ. ಅದು ಸಿಕ್ಕಿದ್ದು ಪವಿತ್ರ ಪ್ರಾಣಿಗಳನ್ನು ಹೂಳುವ ಜಾಗದಲ್ಲಿ, ಎಲ್ಲರೂ ಮಂಗನ ದೇಹ ಅಂದುಕೊಂಡಿದ್ದರು. ನೋಡಿದರೆ ನಿನ್ನ ಕೂಸಿನಂಥದೇ ಮನುಷ್ಯರ ಕೂಸು. ಆದರೂ ಆ ಹಳೇ ಜನ ಅದನ್ನು ಜೋಪಾನವಾಗಿ ಸುತ್ತಿ ಇಟ್ಟಿದ್ದರು. ನಿಮ್ಮ ಮನೇಲಿ ಕೂಸಿನ ಮಾತೆತ್ತಿದರೆ ಬಾಯಿ ಮುಚ್ಚಿಸುತ್ತಾರಂತೆ.

ಇರಲಿ. ನನ್ನನ್ನು ಬೆಚ್ಚಿಬೀಳಿಸಿದ್ದು ಗ್ರಹಣ ಅಲ್ಲ, ನಿನ್ನ ಪತ್ರದ ಕೊನೇ ಸಾಲು. 'ಡಾಕ್ಟರು ಫೋಲಿಕ್ ಆಸಿಡ್ ಗುಳಿಗೆ ಬರೆದುಕೊಟ್ಟಾರ, ಉಷ್ಣ ಆಗ್ತದ ಅಂತ ನೆಗೆಣ್ಣಿ ಬ್ಯಾಡ ಅಂದ್ಳು, ಫ್ರಿಜ್ಜಿನ ಮ್ಯಾಲೆ ಹಂಗೇ ಅದಾವ.' ಅದರ ಹಿಂದಿನ ಸಾಲಲ್ಲೇ ಇನ್ನೊಂದು ಮಗು ಬೇಕು ಅಂತ ಬೇರೆ ಬರೆದಿದ್ದೀ!

ನಿಮ್ಮ ಅತ್ತೆ ಮೇಲೆ ನನಗೆ ಅಷ್ಟೇನೂ ಕೋಪ ಇಲ್ಲ, ಮೊಮ್ಮಗು ಹೋದ ದುಃಖಕ್ಕೆ ಒಂದು ಕಾರಣ ಹುಡುಕುತ್ತಿದ್ದಾರೆ. ಆದರೆ ಈ ನೆಗೆಣ್ಣಿ! ಎರಡು ಮಕ್ಕಳು ಸುಸೂತ್ರ ಹುಟ್ಟಿದ ಮಾತ್ರಕ್ಕೆ ಡಾಕ್ಟರ್ ಆಗಿಬಿಟ್ಟಳಾ? ಮನೆಯಲ್ಲಿ ಜೋರು ಬಾಯಿ ಇದ್ದವರ ಕೈಗೆ ಔಷಧಿ ಡಬ್ಬಿ ಕೊಡಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆಯಲಿ ನಾನು?

ಆ ಗುಳಿಗೆ ಒಂದು ಬಿ ವಿಟಮಿನ್, ಅಷ್ಟೇ. ಒಮ್ಮೆ ಇಂಥ ಗರ್ಭ ಕಂಡ ಹೆಣ್ಣುಮಕ್ಕಳಿಗೆ ಮತ್ತೆ ಬಸುರಾಗೋ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ. ಮತ್ತೆ ಹೀಗಾಗೋದು ಶೇ 72ರಷ್ಟು ತಗ್ಗಿತು ಅಂತ 1991ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ನಿನಗೆ ಬರೆದದ್ದು 5 ಮಿಲಿಗ್ರಾಂ ಇರಬೇಕು, ನಮ್ಮ ಕಡೆ ಸಿಗೋದು ಅದೇ. ಮೆಂತ್ಯಪಲ್ಲೆ ತಿಂದರೆ ಅಷ್ಟು ಸಿಗೋದಿಲ್ಲ. ಬಸುರಾದ ಮೇಲೆ ಶುರು ಮಾಡಿದರೆ ತಡ ಆಗುತ್ತದೆ, ಆ 28 ದಿನದ ಲೆಕ್ಕ ನೆನಪಿದೆ ಅಲ್ವಾ.

ಬೇರೆ ಸಲಹೆ ಏನೂ ಇಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಫ್ರಿಜ್ಜಿನ ಮೇಲಿನ ಗುಳಿಗೆ ತಗೊಂಡು ಒಂದು ನುಂಗಿ ಶುರು ಮಾಡು. ಎಷ್ಟು ತಿಂಗಳು ಆದ ಮೇಲೆ ಮಗುವಿಗೆ ಪ್ರಯತ್ನ ಮಾಡಬೇಕು ಅಂತ ನಿನ್ನ ಗಂಡನೇ ಹೋಗಿ ಡಾಕ್ಟರನ್ನು ಕೇಳಿ ಬರಲಿ. ಅಲ್ಲಿತನಕ ಪ್ರಯತ್ನ ಬೇಡ ಅಂತ ಅವನಿಗೂ ಹೇಳು.